ಹೊನ್ನೆಮರದ ಕುಂಕುಮ

“ಬುದ್ಧಿ, ಜೋಲಿ ಕಟ್ಟುವುದಕ್ಕೆ ಈ ಎರಡರಲ್ಲಿ ಯಾವುದನ್ನು ಒಯ್ಯಲಿ?” ಎಂದು ಮರಿಮಲ್ಲ ಗುರುಗಳನ್ನು ಕೇಳಿದ.

ಅವನು ಎರಡು ಗಂಟುಗಳನ್ನು ತಂದು ಗುರುಗಳ ಮುಂದೆ ಇಟ್ಟಿದ್ದ. ಒಂದು ಮಠದ ಹಳೆಯ ಸರಂಜಾಮು. ಅದರಲ್ಲಿ ದಪ್ಪ ನೂಲಿನ ಹಗ್ಗವಿತ್ತು, ಮರದ ಸುತ್ತ ಹಾಕುವ ಅಂಗೈ ಅಗಲದ ಎರಡು ಪಟ್ಟಿಗಳಿದ್ದವು. ಇನ್ನೊಂದು ಪೇಟೆಯಿಂದ ತರಿಸಿದ್ದು. ಬೆಟ್ಟ ಹತ್ತುವ ಹುಡುಗರು ಈಗೀಗ ಬಳಸುವ ತೆಳ್ಳನೆಯ ಹುರಿ. ಮುಷ್ಟಿಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ.

ಮರುದಿನ ಬೆಳಿಗ್ಗೆ ಮರಿಮಲ್ಲ ಕಾಡಿನ ದಾರಿ ಹಿಡಿಯುವವನಿದ್ದ. ಹಗಲು ನಡೆಯಬೇಕು, ರಾತ್ರಿ ಮರದಿಂದ ಮರಕ್ಕೆ ಜೋಲಿ ಕಟ್ಟಿ ಮಲಗಬೇಕು. ಹಾಗೆ ಹೋದವನು ಮತ್ತೆ ಸಂಸಾರಕ್ಕೆ ಮರಳುವುದಿಲ್ಲ ಎಂಬುದು ಆ ಮಠದ ಕಟ್ಟಳೆ. ಅದಕ್ಕೆ ಹೆಂಡತಿಯ ಒಪ್ಪಿಗೆ ಬೇಕಿತ್ತು. ಹಿಂದಿನ ದಿನ ಅವಳು ಊರಿನಿಂದ ನಡೆದು ಬಂದು, ಮಠದ ಬಾಗಿಲಲ್ಲೇ ನಿಂತು, ಹೋಗಿ ಅಂದಿದ್ದಳು. ಅವರಿಗೆ ಎಂಟು ವರ್ಷದ ಮಗಳೊಬ್ಬಳು. ಹುಟ್ಟಿದಾಗಿನಿಂದ ಅವಳ ಕಾಲಿಗೆ ಬಲವಿಲ್ಲ. ಎಲ್ಲಿಗೆ ಹೋದರೂ ಎತ್ತಿಕೊಂಡೇ ಹೋಗಬೇಕು. ಅವಳೂ ತಾಯಿಯ ಜೊತೆಗೆ ಬಂದು ಹೋಗಿದ್ದಳು.

ಗುರುಗಳು ಎರಡು ಗಂಟುಗಳನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದರು.

“ಹಗುರ ಯಾವುದು?”

“ಹುರಿ, ಬುದ್ಧಿ.”

“ಗಟ್ಟಿ ಯಾವುದು?”

“ಅದೂ ಹುರಿಯೇ. ಎರಡು ಮೂಟೆ ನೇತುಹಾಕಿ ನೋಡಿದ್ದೇನೆ. ಮಿಸುಕಲಿಲ್ಲ.”

“ಹಗುರವೂ ಅದೇ, ಗಟ್ಟಿಯೂ ಅದೇ. ಮತ್ತೆ ನನ್ನನ್ನು ಕೇಳುವುದಕ್ಕೆ ಏನು ಉಳಿಯಿತು? ಆಗಲೇ ಕೊಂಡ ಎತ್ತಿನ ಹಲ್ಲು ಎಣಿಸುವುದಕ್ಕೆ ನನ್ನನ್ನು ಕರೆಯುತ್ತೀಯಾ?”

ಮರಿಮಲ್ಲ ತಲೆ ತಗ್ಗಿಸಿ ನಕ್ಕ. “ನಿಮ್ಮ ಬಾಯಲ್ಲಿ ಒಂದು ಮಾತು ಬರಲಿ ಅಂತ ಬುದ್ಧಿ. ಮನೆಯ ಭಾರ ನಿನ್ನೆಗೆ ಇಳಿಯಿತು. ಅವಳೇ ಒಪ್ಪಿ ಹೋದಳು. ಇನ್ನು ನನ್ನ ಹೆಗಲ ಮೇಲೆ ಉಳಿದಿರುವುದು ಈ ಗಂಟು ಒಂದೇ. ಇದನ್ನೂ ಆದಷ್ಟು ಹಗುರ ಮಾಡಿಕೊಂಡು ಹೋಗೋಣ ಅಂತ.”

ಗುರುಗಳು ಗಂಟುಗಳನ್ನು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಕತೆ ಹೇಳುತ್ತಿದ್ದರು. ಅದಕ್ಕಿಂತ ಬೈದರೇ ವಾಸಿ ಎಂದು ಮಠದಲ್ಲಿ ಎಲ್ಲರೂ ಅಂದುಕೊಳ್ಳುತ್ತಿದ್ದರು.

“ಕೂತುಕೊ” ಎಂದರು. ಮರಿಮಲ್ಲ ಕೂತ. ಅವರು ಹೇಳತೊಡಗಿದರು.

ಒಂದು ಬೆಟ್ಟಸೀಮೆ. ಮೇಲೆ ಹಾಡಿಗಳು, ಕೆಳಗೆ ಪೇಟೆ. ನಡುವೆ ಇದ್ದದ್ದು ಗಾಡಿ ಹೋಗದ ಕಾಡುದಾರಿ. ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಉಪ್ಪು, ಬೆಲ್ಲ, ಬಟ್ಟೆ ಮೇಲಕ್ಕೆ ಕಳಿಸುತ್ತಿದ್ದ. ಜೇನು, ಮೇಣ, ಸೀಗೆಕಾಯಿ ಕೆಳಕ್ಕೆ ತರಿಸುತ್ತಿದ್ದ. ಹೊರುವುದಕ್ಕೆ ಆಳುಗಳಿದ್ದರು. ಆ ಆಳುಗಳ ಪೈಕಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಕಲ್ಲಿನಂಥವನು. ತಮ್ಮನಿಗೆ ಎದೆ ಸರಿಯಿರಲಿಲ್ಲ. ಏರು ಬಂದರೆ ಅವನ ಉಸಿರು ಕೀರಲು ಸದ್ದು ಮಾಡುತ್ತಿತ್ತು. ಬೇರೆ ಕೆಲಸ ಮಾಡಿಕೊಂಡಿರಬಹುದಿತ್ತಲ್ಲ ಎನ್ನಬೇಡ. ಬೇರೆ ಕೆಲಸ ಇದ್ದ ಊರಿನಲ್ಲಿ ಯಾರೂ ತಲೆಯ ಮೇಲೆ ಉಪ್ಪು ಹೊರುವುದಿಲ್ಲ.

ದಾರಿಯ ನಡುವೆ ಒಂದು ರಾತ್ರಿ ತಂಗಲೇಬೇಕು. ತಂಗುವ ಜಾಗ ಬೆಟ್ಟದ ಓರೆಯ ಮೇಲಿನ ಒಂದು ಹೊನ್ನೆಮರದ ತೋಪು. ಪಕ್ಕದಲ್ಲಿ ಹಳ್ಳ. ನೆಲ ತೇವ, ಹಾವಿನ ಕಾಟ ಬೇರೆ. ಹಾಗಾಗಿ ಹೊರೆಯಾಳುಗಳೆಲ್ಲ ಜೋಲಿ ಕಟ್ಟಿ ಮಲಗುತ್ತಿದ್ದರು. ಒಬ್ಬೊಬ್ಬನ ಹತ್ತಿರವೂ ಒಂದು ದಪ್ಪ ಬಟ್ಟೆ, ಎರಡು ಹಗ್ಗ, ಪುಂಡಿನಾರಿನಲ್ಲಿ ನೇಯ್ದ ಎರಡು ಅಗಲದ ಪಟ್ಟಿ. ಪಟ್ಟಿಯನ್ನು ಮರಕ್ಕೆ ಸುತ್ತಬೇಕು. ಹಗ್ಗವನ್ನು ಪಟ್ಟಿಗೆ ಕಟ್ಟಬೇಕು, ಮರಕ್ಕಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಹೋದ ಸಲ ಪಟ್ಟಿ ಸುತ್ತಿದ ಜಾಗದಲ್ಲೇ ಈ ಸಲ ಸುತ್ತಬಾರದು. ಒಂದು ಗೇಣು ಮೇಲೋ ಕೆಳಗೋ ಸರಿಸಬೇಕು.

ಯಾಕೆಂದು ಕೇಳಿದರೆ ಆ ಆಳುಗಳಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಹಿಂದಿನವರು ಮಾಡುತ್ತಿದ್ದರು, ಇವರೂ ಮಾಡುತ್ತಿದ್ದರು. ಕಾರಣ ಮರೆತುಹೋದ ಕಟ್ಟಳೆ ದಡ್ಡನಿಗೆ ದೇವರು, ಜಾಣನಿಗೆ ಕಾಲ್ತೊಡಕು. ಅಣ್ಣ ಜಾಣ.

ಆ ಪಟ್ಟಿಗಳು ಭಾರ. ರಾತ್ರಿಯ ಮಂಜು ಕುಡಿದರೆ ಬೆಳಗಾಗುವಷ್ಟರಲ್ಲಿ ಇನ್ನೂ ಭಾರ. ತಮ್ಮ ಉಸಿರು ಕಟ್ಟಿ ನಿಂತಾಗಲೆಲ್ಲ ಅಣ್ಣ ಅವನ ಪಟ್ಟಿಗಳನ್ನು ತನ್ನ ಹೊರೆಯ ಮೇಲೆ ಹಾಕಿಕೊಳ್ಳುತ್ತಿದ್ದ. ಆದರೂ ಮುಂದಿನ ತಿರುವಿನಲ್ಲಿ ತಮ್ಮ ಮತ್ತೆ ನಿಲ್ಲುತ್ತಿದ್ದ. ಹೊರೆ ಹೊರಲಾರದವನಿಗೆ ವರ್ತಕ ಕೆಲಸ ಕೊಡುವುದಿಲ್ಲ. ಇವನು ಹೀಗೆಯೇ ಎಷ್ಟು ದಿನ ನಡೆದಾನು ಎಂಬ ಯೋಚನೆಯಲ್ಲಿ ಅಣ್ಣನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಮ್ಮೆ ಪೇಟೆಯಲ್ಲಿ ಅಣ್ಣ ರೇಷ್ಮೆ ನೂಲು ತೆಗೆಯುವವರ ಮನೆಯ ಮುಂದೆ ನಿಂತ. ಅವರು ಬಿಸಾಡಿದ ತುಂಡು ಎಳೆಗಳು ಮೂಲೆಯಲ್ಲಿ ಬಿದ್ದಿದ್ದವು. ಒಂದನ್ನು ಬೆರಳಿಗೆ ಸುತ್ತಿ ಎಳೆದ. ಬೆರಳು ಕೊಯ್ಯಿತು, ಎಳೆ ಹರಿಯಲಿಲ್ಲ. ಅಲ್ಲಿಂದ ಅವನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಎಳೆಗಳನ್ನು ಬೇಡಿ ತಂದ. ಕೂತಲ್ಲಿ ನಿಂತಲ್ಲಿ ತೊಡೆಯ ಮೇಲೆ ಹೊಸೆದ. ತೊಡೆಯ ಚರ್ಮ ಕೆಂಪಗಾಯಿತು. ಕೊನೆಗೆ ಒಂದು ಹುರಿ ತಯಾರಾಯಿತು. ದಾರದಷ್ಟು ತೆಳ್ಳಗೆ ಅಲ್ಲ, ಆದರೆ ಹಗ್ಗ ಎಂದು ಯಾರೂ ಕರೆಯುವಂತಿರಲಿಲ್ಲ. ಬೆಲ್ಲದ ಮೂಟೆ ನೇತುಹಾಕಿ ನೋಡಿದ. ಅದರ ಮೇಲೆ ತಾನೂ ಕೂತು ನೋಡಿದ. ಅವಸರದಲ್ಲಿ ಮಾಡಿದ ಕೆಲಸವಲ್ಲ ಅದು. ನೀನು ಮಾಡಿದಂತೆ ಅವನೂ ಎಲ್ಲವನ್ನೂ ಪರೀಕ್ಷೆ ಮಾಡಿದ, ಒಂದನ್ನು ಬಿಟ್ಟು.

ಮುಂದಿನ ಸಲ ತೋಪಿಗೆ ಬಂದಾಗ ಅವನು ತಮ್ಮನ ಪಟ್ಟಿಗಳನ್ನು ಬಿಚ್ಚಲೇ ಇಲ್ಲ. ರೇಷ್ಮೆಯ ಹುರಿಯನ್ನು ನೇರವಾಗಿ ಹೊನ್ನೆಮರಕ್ಕೆ ಸುತ್ತಿ ಬಿಗಿದ.

ತಮ್ಮ ಅದನ್ನು ಬೆರಳಲ್ಲಿ ಮೀಟಿ ನೋಡಿದ. “ತಡೀತದಾ ಅಣ್ಣ?”

“ನಾನು ಹೊಸೆದಿದ್ದು ಕಣ್ಲಾ. ಆನೆಮರಿ ಕಟ್ಟಿದ್ರೂ ತಡೀತದೆ. ಮಲಕ್ಕೊ.”

ತಮ್ಮ ಮಲಗಿದ. ಹುರಿ ತಡೆಯಿತು. ಬೆಳಿಗ್ಗೆ ಹುರಿಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಪಟ್ಟಿಗಳನ್ನು ಹಳ್ಳಕ್ಕೆ ಎಸೆದರು. ಆ ದಿನ ತಮ್ಮ ಕೊನೆಯ ಏರನ್ನು ನಿಲ್ಲದೆ ಹತ್ತಿದ. ಹಿಂದೆ ಬರುತ್ತಿದ್ದ ಅಣ್ಣನಿಗೆ ಕಣ್ಣು ತುಂಬಿತು. ತಾನು ಹುಟ್ಟಿದ್ದಕ್ಕೂ ಒಂದು ಕೆಲಸ ಮಾಡಿದೆ ಎಂದುಕೊಂಡ.

ಇಲ್ಲಿ ಮರಿಮಲ್ಲ ತಡೆಯಲಾರದೆ ಬಾಯಿ ಹಾಕಿದ. “ಅವನ ತಪ್ಪೇನಿದೆ ಬುದ್ಧಿ? ತಮ್ಮನ ಮೇಲಿನ ಪ್ರೀತಿಯಿಂದ ಮಾಡಿದ.”

“ತಪ್ಪು ಅಂತ ನಾನು ಅಂದೆನಾ? ತಪ್ಪು ಮಾಡಿದವರ ಕತೆ ಹೇಳುವುದಿದ್ದರೆ ಬೇಕಾದಷ್ಟಿವೆ. ಅವು ನಿನಗೆ ಬೇಕಾಗಿಲ್ಲ. ಸುಮ್ಮನೆ ಕೇಳು.”

ಗುರುಗಳು ಮುಂದುವರಿಸಿದರು.

ಉಳಿದ ಆಳುಗಳು ನೋಡಿದರು. ತಮಗೂ ಹೊಸೆದು ಕೊಡು ಎಂದರು. ಅಣ್ಣ ಒಲ್ಲೆ ಎನ್ನಲಿಲ್ಲ. ಎಲ್ಲರಿಗೂ ಹೊಸೆದು ಕೊಟ್ಟ. ಬೇಸಿಗೆ ಮುಗಿಯುವಷ್ಟರಲ್ಲಿ ಆ ದಾರಿಯಲ್ಲಿ ಪಟ್ಟಿ ಹೊತ್ತವನು ಒಬ್ಬನೂ ಇರಲಿಲ್ಲ. ಕೆಲವರ ಪಟ್ಟಿ ಎಮ್ಮೆ ಕಟ್ಟುವ ಕಣ್ಣಿಯಾಯಿತು. ಕೆಲವರದು ಮಕ್ಕಳಿಗೆ ಉಯ್ಯಾಲೆಯಾಯಿತು. ಹಳೆಯದನ್ನು ಬಿಟ್ಟದ್ದಕ್ಕೆ ಯಾರಿಗೂ ಬೇಸರವಾಗಲಿಲ್ಲ. ಭಾರ ಇಳಿದಾಗ ಬೇಸರ ಪಡುವವನು ಹುಚ್ಚ.

ಹೊನ್ನೆಮರದ ಸ್ವಭಾವ ನಿನಗೆ ಗೊತ್ತಿದೆ. ತೊಗಟೆಗೆ ಗಾಯವಾದರೆ ಕೆಂಪಗೆ ಒಸರುತ್ತದೆ. ರೇಷ್ಮೆಯ ಹುರಿ ರಾತ್ರಿಯಿಡೀ ಮನುಷ್ಯನ ಭಾರಕ್ಕೆ ಬಿಗಿದು, ಅವನು ಹೊರಳಿದಾಗಲೆಲ್ಲ ಅತ್ತಿತ್ತ ಉಜ್ಜಿ, ತೊಗಟೆಯೊಳಗೆ ಇಳಿದಿತ್ತು. ಒಂದು ಬೆಳಿಗ್ಗೆ ಹುರಿ ಬಿಚ್ಚಿದಾಗ ಮರದ ಸುತ್ತ ಕೆಂಪು ಹನಿಗಳು ಸಾಲಾಗಿ ನಿಂತಿದ್ದವು.

ಆಳುಗಳು ಸುತ್ತ ನೆರೆದು ನೋಡಿದರು. ಕಾಡಿನಲ್ಲೇ ಹುಟ್ಟಿ ಬೆಳೆದವರು ಅವರು. ಹೊನ್ನೆ ಒಸರುವುದನ್ನು ಕಾಣದವರೇನಲ್ಲ. ಕೊಡಲಿಯ ಗಾಯದಿಂದ ಒಸರಿದ್ದರೆ ಗಾಯ ಎನ್ನುತ್ತಿದ್ದರು. ಇದು ಕೊಡಲಿಯ ಗಾಯವಲ್ಲ. ಮಲಗಿ ಎದ್ದ ಜಾಗ. ಅವರಲ್ಲಿ ಹಿರಿಯನೊಬ್ಬ, “ಮರ ಕುಂಕುಮ ಇಟ್ಟುಕೊಂಡದೆ. ನಮ್ಮನ್ನು ಒಪ್ಪಿಕೊಂಡದೆ” ಅಂದ. ಬೆರಳಿಗೆ ತೆಗೆದುಕೊಂಡು ಹಣೆಗೆ ಇಟ್ಟುಕೊಂಡ. ಎಲ್ಲರೂ ಇಟ್ಟುಕೊಂಡರು. ಅಣ್ಣ ತಮ್ಮನ ಹಣೆಗೆ ತಾನೇ ಇಟ್ಟ.

ಅಲ್ಲಿಂದ ಮುಂದೆ ಹೊಸ ಕಟ್ಟಳೆ ಹುಟ್ಟಿತು. ಕುಂಕುಮ ಬಂದ ಮರ ಅವರವರದು. ಅದನ್ನು ಬಿಟ್ಟು ಬೇರೆ ಮರಕ್ಕೆ ಕಟ್ಟಬಾರದು. ಅದಕ್ಕೆ ಕಟ್ಟುವಾಗಲೂ ಕುಂಕುಮದ ಗೆರೆಯ ಮೇಲೇ ಕಟ್ಟಬೇಕು. ಗೆರೆ ಆಳವಾದಷ್ಟೂ ಹುರಿ ಜಾರದೆ ಕೂರುತ್ತಿತ್ತು. ಕತ್ತಲಲ್ಲಿ ತಡವಿದರೂ ಕೈಗೆ ಸಿಗುತ್ತಿತ್ತು. ಮರ ತಮ್ಮ ಹುರಿಗೆ ಜಾಗ ಮಾಡಿಕೊಟ್ಟಿದೆ ಎಂದು ಅವರು ನಂಬಿದರು. ಅವರು ಮೂರ್ಖರೆಂದು ನಗಬೇಡ. ನಮ್ಮ ಭಾರ ಹೊತ್ತವರು ಬಾಯಿ ಬಿಡದಿದ್ದರೆ ಅವರು ನಮ್ಮನ್ನು ಒಪ್ಪಿದ್ದಾರೆ ಎಂದೇ ನಾವೆಲ್ಲ ತಿಳಿಯುತ್ತೇವೆ.

ಇತ್ತ ಪೇಟೆಯಲ್ಲಿ ವರ್ತಕ ಸುಮ್ಮನಿರಲಿಲ್ಲ. ಆಳುಗಳು ಬೇಗ ಬರುತ್ತಿದ್ದಾರೆ, ಏದುಸಿರು ಬಿಡುತ್ತಿಲ್ಲ ಎಂಬುದು ಅವನ ಕಣ್ಣಿಗೆ ಬಿತ್ತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತಾರಲ್ಲ, ಆ ಗಾದೆ ಅವನಿಗೆ ಬಾಯಿಪಾಠವಾಗಿತ್ತು. ಪಟ್ಟಿಗಳು ಹೋದ ಜಾಗಕ್ಕೆ ಒಬ್ಬೊಬ್ಬನಿಗೂ ಅಷ್ಟಷ್ಟು ಉಪ್ಪು ಸೇರಿಸಿದ. ಒಬ್ಬ ಆಳನ್ನು ಕಮ್ಮಿ ಮಾಡಿದ. ಕುಂಕುಮದ ಮಾತು ಹೇಳಿದ ಹಿರಿಯನೇ ಆ ಆಳು. ವರ್ತಕ ಅನ್ಯಾಯ ಮಾಡಿದ ಎಂದು ಆಳುಗಳು ಗೊಣಗಿದರು, ಮತ್ತೆ ಹೊತ್ತರು. ತಮ್ಮನ ತಲೆಯ ಮೇಲೆ ಮೊದಲಿದ್ದಷ್ಟೇ ಭಾರ ಬಂತು. ಅವನು ಮತ್ತೆ ಹಳೆಯ ತಿರುವುಗಳಲ್ಲೇ ನಿಲ್ಲತೊಡಗಿದ. ಈಗ ಅಣ್ಣ ತೆಗೆದುಕೊಳ್ಳೋಣವೆಂದರೆ ಪಟ್ಟಿಗಳೂ ಇರಲಿಲ್ಲ.

ಕೆಲವು ವರ್ಷಗಳು ಕಳೆದವು. ತೋಪಿನ ಹೊನ್ನೆಮರಗಳಲ್ಲಿ ಚಿಗುರು ಕಮ್ಮಿಯಾಯಿತು. ಮುಂದಿನ ವರ್ಷ ಮೇಲಿನ ಕೊಂಬೆಗಳು ಬರಿದಾದವು. ಅದರ ಮುಂದಿನ ವರ್ಷ ಎಲೆಯೇ ಬರಲಿಲ್ಲ. ಯಾರೂ ಗಾಬರಿಯಾಗಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಅನುಕೂಲವೇ ಆಯಿತು. ಎಲೆಯಿಲ್ಲದ ಮರದಲ್ಲಿ ಕೆಂಜಿಗದ ಇರುವೆ ಗೂಡು ಕಟ್ಟುವುದಿಲ್ಲ. ಎಲೆಯಿಂದ ರಾತ್ರಿ ನೀರು ತೊಟ್ಟಿಕ್ಕುವುದಿಲ್ಲ. ಬಿಸಿಲು ಬೀಳುತ್ತದೆ, ಒದ್ದೆ ಬಟ್ಟೆ ಬೇಗ ಒಣಗುತ್ತದೆ. ಕುಂಕುಮ ಬರುವುದು ನಿಂತುಹೋಯಿತು. ಮರಕ್ಕೆ ನಾವು ಅಭ್ಯಾಸವಾಗಿದ್ದೇವೆ ಎಂದುಕೊಂಡರು.

ಒಂದು ಸಲ ಜೇನು ಹೊತ್ತು ಇಳಿಯುತ್ತಿದ್ದಾಗ ತಮ್ಮನಿಗೆ ಜ್ವರ ಬಂತು. ತೋಪಿಗೆ ಬಂದು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹೊತ್ತು ಏರಲಿ, ಜ್ವರ ಇಳಿಯಲಿ ಎಂದು ಉಳಿದವರು ಕಾದರು. ಮಧ್ಯಾಹ್ನವಾಯಿತು. ಬೇರೆಯವರು ಸ್ನಾನಕ್ಕೆ ಹಳ್ಳಕ್ಕೆ ಇಳಿದರು. ಅಣ್ಣ ಮೂರು ಕಲ್ಲು ಹೂಡಿ ತಮ್ಮನಿಗೆ ಗಂಜಿ ಕಾಯಿಸುತ್ತಿದ್ದ. ತಮ್ಮ ಜೋಲಿಯಲ್ಲಿ ಮಲಗಿದ್ದ. ಸೊಂಟ ಬಾಗದಿರಲಿ, ಉಸಿರಾಟ ಸಲೀಸಾಗಲಿ ಎಂದು ಅಣ್ಣ ಆ ದಿನ ಹುರಿಯನ್ನು ಇನ್ನೂ ಸ್ವಲ್ಪ ಬಿಗಿದು ಕಟ್ಟಿದ್ದ. ಸಡಿಲ ಕಟ್ಟಿದ ಜೋಲಿ ತಾನು ಬಾಗುತ್ತದೆ. ಬಿಗಿದು ಕಟ್ಟಿದ ಜೋಲಿ ಮರವನ್ನು ಎಳೆಯುತ್ತದೆ.

ಗಾಳಿ ಇರಲಿಲ್ಲ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ ಎನ್ನೋಣವೆಂದರೆ ಅಲ್ಲಿ ಎಲೆಗಳೇ ಇರಲಿಲ್ಲ. ತಲೆಯ ಕಡೆಯ ಮರ ಗೆರೆಯ ಹತ್ತಿರ ಮುರಿಯಿತು. ಒಳಗೆ ಅದು ಯಾವಾಗಲೋ ಕೊಳೆತಿತ್ತು. ಬೀಳುವ ಮರ ಎಳೆದ ಕಡೆಗೇ ಬೀಳುತ್ತದೆ. ತಮ್ಮನ ಸೊಂಟದ ಮೇಲೆ ಬಿತ್ತು.

ಸದ್ದು ಕೇಳಿ ಹಳ್ಳದಿಂದ ಎಲ್ಲರೂ ಓಡಿ ಬಂದರು. ಮರ ಸರಿಸಿದರು. ತಮ್ಮನಿಗೆ ಪ್ರಜ್ಞೆ ಇತ್ತು. ಕಣ್ಣು ಬಿಟ್ಟು ಅಣ್ಣನನ್ನು ಹುಡುಕಿದ.

“ಅಣ್ಣ, ಹುರಿ ಹರೀತಾ?”

“ಇಲ್ಲ ಕಣ್ಲಾ. ಹುರಿಗೇನೂ ಆಗಿಲ್ಲ.”

“ಸದ್ಯ” ಅಂದ ತಮ್ಮ. ತನಗೇನಾಯಿತು ಎಂದು ಅವನು ಕೇಳಲಿಲ್ಲ. ಅಣ್ಣ ಹೊಸೆದ ಹುರಿ ಹರಿದು ಅಣ್ಣನ ಮೇಲೆ ಮಾತು ಬರಬಾರದು, ಅವನಿಗೆ ಅದಷ್ಟೇ ಬೇಕಾಗಿತ್ತು.

ಹೇಳುತ್ತಿದ್ದ ಗುರುಗಳಿಗೇ ಇಲ್ಲಿ ಸಂಕಟವಾಯಿತು. ಆದರೂ ಮುಂದುವರಿಸಿದರು.

ಬೆಟ್ಟದ ಬುಡದ ಊರಿನಲ್ಲಿ ಮೂಳೆ ಕಟ್ಟುವ ನಾಟಿ ವೈದ್ಯನಿದ್ದ. ಕತ್ತಲಾಗುವ ಮೊದಲು ಮುಟ್ಟಿಸಿದರೆ ಬದುಕಿಸಿಕೊಳ್ಳಬಹುದು ಎಂದು ಎಲ್ಲರಿಗೂ ಅನ್ನಿಸಿತು. ಜೇನಿನ ಹೊರೆಗಳನ್ನು ಅಲ್ಲೇ ಬಿಟ್ಟರು. ಅಣ್ಣ ತಮ್ಮನನ್ನು ಬೆನ್ನಿಗೆ ಹಾಕಿಕೊಳ್ಳಲು ನೋಡಿದ. ಮುರಿದ ಸೊಂಟ ಅದಕ್ಕೆ ಬಿಡಲಿಲ್ಲ. ಅವನ ಕೂಗು ಕೇಳಿ ಕೆಳಗೆ ಮಲಗಿಸಿದರು. ಜೋಲಿಯಲ್ಲೇ ಹೊರುವುದೆಂದಾಯಿತು. ಬೊಂಬಿಗೆ ತೂಗುಹಾಕೋಣವೆಂದು ಒಬ್ಬ ಬಿದಿರು ಕಡಿದು ತಂದ. ಹಿಂದಿನ ವರ್ಷ ಬಿದಿರು ಹೂಬಿಟ್ಟು ಒಣಗಿ, ಮೇಲೆ ಕಾಡುಕಿಚ್ಚು ಬೇರೆ ಬಿದ್ದಿತ್ತು. ಹೆಗಲಿಗೆ ಏರಿಸಿದ ಕೂಡಲೇ ಆ ಬೊಂಬು ಮುರಿಯಿತು. ತಮ್ಮ ಎರಡನೆಯ ಸಲ ನೆಲಕ್ಕೆ ಬಿದ್ದ. ಇನ್ನೊಂದು ಹುಡುಕುವುದಕ್ಕೆ ಹೊತ್ತಿರಲಿಲ್ಲ.

ಹುರಿಯನ್ನೇ ಹೆಗಲಿಗೆ ಹಾಕಿಕೊಂಡರು. ಮುಂದೆ ಇಬ್ಬರು, ಹಿಂದೆ ಇಬ್ಬರು. ಹಿಂದಿನವರಲ್ಲಿ ಅಣ್ಣ ಒಬ್ಬ.

ಹೊರೆ ಹೊತ್ತು ಬೆಳೆದ ಹೆಗಲುಗಳು ಅವು. ಉಪ್ಪಿನ ಮೂಟೆಗೆ ಬಗ್ಗದ ಕತ್ತುಗಳು. ತಮ್ಮ ಮೂಟೆಗಿಂತ ಭಾರವೇನೂ ಇರಲಿಲ್ಲ. ನಾಲ್ಕು ಜನಕ್ಕೆ ಅದು ಭಾರವೇ ಅಲ್ಲ. ಆದರೆ ಆ ಭಾರವೆಲ್ಲ ಒಂದು ಹುರಿಯ ಅಗಲದಲ್ಲಿ ಕೂತಿತ್ತು. ಒಂದು ಕೂಗಳತೆ ಹೋಗುವಷ್ಟರಲ್ಲಿ ಹುರಿ ಚರ್ಮಕ್ಕೆ ಇಳಿಯಿತು. ತಲೆವಸ್ತ್ರ ಬಿಚ್ಚಿ ಮಡಿಸಿ ಹುರಿಯ ಅಡಿಗೆ ಇಟ್ಟುಕೊಂಡರು. ಹುರಿ ವಸ್ತ್ರವನ್ನೂ ಒತ್ತಿಕೊಂಡು ಒಳಗೆ ಇಳಿಯಿತು. ಹೆಜ್ಜೆ ಹೆಜ್ಜೆಗೂ ಜೋಲಿ ತೂಗಾಡುತ್ತಿತ್ತು. ತೂಗಾಡಿದಂತೆಲ್ಲ ಹುರಿ ಗರಗಸದ ಹಾಗೆ ಎಳೆಯುತ್ತಿತ್ತು. ಎಡ ಹೆಗಲು ತಡೆಯಲಾರದಾಗ ಬಲ ಹೆಗಲಿಗೆ ಹಾಕಿಕೊಂಡರು. ಬಲ ತಡೆಯಲಾರದಾಗ ಎಡಕ್ಕೆ. ಬದಲಾಯಿಸುವಾಗಲೆಲ್ಲ ನಿಲ್ಲಬೇಕು, ಇಳಿಸಬೇಕು, ಎತ್ತಬೇಕು. ಇಳಿಸಿ ಎತ್ತುವಾಗಲೆಲ್ಲ ತಮ್ಮ ನರಳುತ್ತಿದ್ದ. ಮೊದಲು ದೊಡ್ಡ ದನಿಯಲ್ಲಿ, ಆಮೇಲೆ ಸಣ್ಣ ದನಿಯಲ್ಲಿ.

ಸರದಿಗೆ ಬೇರೆಯವರು ಬಂದರು. ಅವರ ಹೆಗಲೂ ಹಾಗೆಯೇ ಆಯಿತು. ಅವರು ಕಟುಕರಲ್ಲ. ಕೆಲವರು ಅಳುತ್ತಲೇ ಹೊತ್ತರು. ಪ್ರೀತಿ ಎಷ್ಟಿದ್ದರೂ ಚರ್ಮ ಚರ್ಮವೇ. ಒಬ್ಬ ಅಣ್ಣ ಮಾತ್ರ ಹೆಗಲು ಬದಲಾಯಿಸಲಿಲ್ಲ, ಸರದಿಯನ್ನೂ ಬಿಟ್ಟುಕೊಡಲಿಲ್ಲ. ಅವನ ಹುರಿ ಒಂದೇ ಗೆರೆಯಲ್ಲಿ ಕೂತಿತ್ತು. ಬೇಗ ನಡೆಯಿರಪ್ಪ ಎಂದು ಅವನು ಅಂಗಲಾಚುತ್ತಿದ್ದ. ಅವರು ನಡೆಯುತ್ತಿದ್ದರು, ನಿಲ್ಲುತ್ತಿದ್ದರು. ಬರಿಗೈಯಲ್ಲಿ ಸಂಜೆಗೆ ಮೊದಲೇ ಇಳಿಯುವ ದಾರಿ ಮುಗಿಯಲೇ ಇಲ್ಲ.

ಕೊನೆಯ ಇಳಿಜಾರಿನಲ್ಲಿ ಕೆಳಗಿನ ಊರಿನ ಒಲೆಗಳ ಹೊಗೆ ಕಂಡಿತು. ಬಂದೆವು ಕಣ್ಲಾ ಎಂದು ಅಣ್ಣ ಹೇಳಿದ. ಉತ್ತರ ಬರಲಿಲ್ಲ. ಇಳಿಸಿ ನೋಡಿದರು. ತಮ್ಮ ಯಾವಾಗ ಹೋದನೋ ಹೊತ್ತವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಜೀವ ಹೋದರೆ ಮೈ ಭಾರವಾಗುತ್ತದೆ ಎನ್ನುತ್ತಾರೆ. ಅವರ ಹೆಗಲಿಗೆ ಅದನ್ನು ತಿಳಿಯುವಷ್ಟು ಚರ್ಮ ಉಳಿದಿರಲಿಲ್ಲ.

ವೈದ್ಯ ಹೆಣವನ್ನು ನೋಡಿ ಕೈ ಬಿಟ್ಟ. ಬದುಕಿದವರ ಹೆಗಲಿಗೆ ಎಣ್ಣೆ ಅರಿಸಿನ ಕೊಟ್ಟ.

ಮಣ್ಣು ಮಾಡಿದ ಮೇಲೆ ಅಣ್ಣ ಕೆರೆಗೆ ಇಳಿದು ಸ್ನಾನ ಮಾಡಿದ. ನೀರು ಮುಟ್ಟಿದಾಗ ಹೆಗಲು ಉರಿಯಿತು. ತಿರುಗಿ ನೋಡಿಕೊಂಡ. ಎದೆಯಿಂದ ಹೆಗಲ ಮೇಲಾಗಿ ಬೆನ್ನಿನವರೆಗೆ ತೆಳ್ಳನೆಯ ಕೆಂಪು ಗೆರೆ. ಗೆರೆಯ ಉದ್ದಕ್ಕೂ ಸಾಲಾಗಿ ಕೆಂಪು ಹನಿ. ಅವನಿಗೆ ತೋಪಿನ ಮರಗಳು ಕಂಡವು. ಆ ಹನಿಗಳನ್ನು ಬೆರಳಲ್ಲಿ ತೆಗೆದು ತಾನೇ ತಮ್ಮನ ಹಣೆಗೆ ಇಟ್ಟದ್ದು ಕಂಡಿತು. ಪಟ್ಟಿ ತನಗೆ ಭಾರವಾಗಿ ಇದ್ದದ್ದು ಯಾಕೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ. ತಾನು ತಮ್ಮನ ಹೊರೆಯಿಂದ ಇಳಿಸಿದ್ದು ಹಳ್ಳಕ್ಕೆ ಹೋಯಿತು ಎಂದೇ ಇಷ್ಟು ವರ್ಷವೂ ಅವನು ತಿಳಿದಿದ್ದ. ಅದು ಹೋಗಿದ್ದು ಮರಗಳ ಮೈಮೇಲೆ. ಕೆರೆಯ ನೀರಿನಲ್ಲಿ ನಿಂತು ಅವನು ಬಾಯಿ ಬಿಟ್ಟು ಅತ್ತ. ದಡದಲ್ಲಿದ್ದವರು ತಮ್ಮನಿಗಾಗಿ ಅಳುತ್ತಿದ್ದಾನೆ ಎಂದುಕೊಂಡರು.

ಮಾರನೆಯ ದಿನ ಅವನು ಸಗಣಿ ಮಣ್ಣು ಕಲಸಿಕೊಂಡು ಬೆಟ್ಟ ಹತ್ತಿದ. ತೋಪಿನ ಒಂದೊಂದು ಮರದ ಗೆರೆಗೂ ಮೆತ್ತಿದ. ಸತ್ತ ಮರಕ್ಕೆ ಮದ್ದು ಯಾಕೆಂದು ಯಾರೋ ಕೇಳಿದರು. ಮಣ್ಣು ಒಣಗಿ ಉದುರುತ್ತಿತ್ತು, ಅವನು ಮತ್ತೆ ಮೆತ್ತುತ್ತಿದ್ದ. ಹೊರೆ ಹೊರುವುದನ್ನು ಬಿಟ್ಟ. ಆ ಹೆಗಲು ಕೊನೆಯವರೆಗೂ ಮಾಯಲಿಲ್ಲ.

ಉಳಿದ ಆಳುಗಳು ಏನು ಮಾಡಿದರು ಎಂದು ನೀನು ಕೇಳಬಹುದು. ಆ ತೋಪು ಕೆಟ್ಟದ್ದು, ಮರಗಳಲ್ಲಿ ಏನೋ ಸೇರಿಕೊಂಡಿದೆ ಎಂದು ಮಾತಾಡಿಕೊಂಡರು. ಇನ್ನೂ ಆಚೆ ಹಸಿರಾದ ಬೇರೊಂದು ತೋಪು ಹುಡುಕಿದರು. ಹುರಿಯನ್ನು ಮಾತ್ರ ಬಿಡಲಿಲ್ಲ. ಒಂದು ವಾರಕ್ಕೆ ಅಲ್ಲಿನ ಮರಗಳಿಗೂ ಕುಂಕುಮ ಬಂತು.

ಗುರುಗಳು ಕತೆ ಮುಗಿಸಿದರು. ಮರಿಮಲ್ಲ ತೆಳ್ಳನೆಯ ಹುರಿಯನ್ನು ದೂರ ಸರಿಸಿದ. ಪಟ್ಟಿಗಳ ಗಂಟನ್ನು ಮಡಿಲಿಗೆ ಎಳೆದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ಕತೆ ಅರ್ಥವಾದ ಸಮಾಧಾನವೂ ಮುಖದಲ್ಲಿತ್ತು.

“ತಿಳಿಯಿತು ಬುದ್ಧಿ. ಭಾರವಾದರೂ ಚಿಂತೆಯಿಲ್ಲ, ಪಟ್ಟಿಯನ್ನೇ ಒಯ್ಯುತ್ತೇನೆ. ಒಂದು ಮರಕ್ಕೂ ನೋವು ಮಾಡುವುದಿಲ್ಲ. ಬೆಳಿಗ್ಗೆ ಹೊರಡುವುದಕ್ಕೆ ಅಪ್ಪಣೆ ಕೊಡಿ.”

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: “ಹೊರಡು, ನಿನ್ನೆ ಆ ತಾಯಿ ಬಾಗಿಲಲ್ಲಿ ನಿಂತು ನಿನಗೆ ಒಪ್ಪಿಗೆ ಕೊಡುವಷ್ಟರಲ್ಲಿ ಮಗುವನ್ನು ಎಡ ಸೊಂಟದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಷ್ಟು ಸಲ ಬದಲಾಯಿಸಿದಳು, ನೋಡಿದೆಯಾ?”